ಇವಾಗ್ರಿಯಸ್ ಪಾಂಟಿಕಸ್

ಇವಾಗ್ರಿಯಸ್ ಪಾಂಟಿಕಸ್ (ಸು. ಕ್ರಿ.ಶ. 345–399) ನಾಲ್ಕನೆಯ ಶತಮಾನದ ಕ್ರೈಸ್ತ ಸನ್ಯಾಸಿ ಹಾಗೂ ಗ್ರೀಕ್ ಭಾಷೆಯ ಲೇಖಕ. ಮನುಷ್ಯನ ಹೃದಯದಲ್ಲಿ ಹುಟ್ಟುವ ದುರಾಲೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವುಗಳನ್ನು ಗುರುತಿಸುವ ಮತ್ತು ಎದುರಿಸುವ ಕ್ರಮವನ್ನು ವ್ಯವಸ್ಥಿತವಾಗಿ ಬರೆದವರಲ್ಲಿ ಈತನನ್ನು ಮೊದಲಿಗನೆಂದು ಪರಿಗಣಿಸಲಾಗಿದೆ. ಪಶ್ಚಿಮದ ಕ್ರೈಸ್ತ ಲೋಕದಲ್ಲಿ ಮುಂದೆ ಏಳು ಮಾರಕ ಪಾಪಗಳೆಂದು ಪ್ರಸಿದ್ಧವಾದ ಪಟ್ಟಿಯ ಮೂಲ ಈತನ ಬರಹಗಳಲ್ಲಿದೆ. ಕಪ್ಪು ಸಮುದ್ರದ ದಕ್ಷಿಣ ತೀರದ ಪಾಂಟಸ್ ಪ್ರಾಂತ್ಯದಲ್ಲಿ ಜನಿಸಿದ್ದರಿಂದ ಪಾಂಟಿಕಸ್ ಎಂಬ ಹೆಸರು ಬಂದಿತು. ಏಕಾಂತವಾಸಿ ಇವಾಗ್ರಿಯಸ್ ಎಂದೂ ಈತನನ್ನು ಕರೆಯುವುದುಂಟು. ಜೀವನದ ಬಹುಪಾಲು ವಿವರಗಳು ಈತನ ಶಿಷ್ಯನಾದ ಪಲ್ಲಾಡಿಯಸ್ ಐದನೆಯ ಶತಮಾನದಲ್ಲಿ ಬರೆದ 'ಲೌಸಿಯಾಕ್ ಚರಿತ್ರೆ' ಎಂಬ ಗ್ರಂಥದಿಂದ ತಿಳಿದುಬರುತ್ತವೆ.

ಆರಂಭಿಕ ಜೀವನ

ಇವಾಗ್ರಿಯಸ್ ಪಾಂಟಸಿನ ಇಬೋರಾ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ಈ ಪ್ರದೇಶ ಇಂದಿನ ಟರ್ಕಿ ದೇಶದ ಉತ್ತರ ಭಾಗದಲ್ಲಿದೆ. ಈತನ ತಂದೆ ಗ್ರಾಮಾಂತರ ಸಭೆಗಳ ಮೇಲ್ವಿಚಾರಣೆ ನಡೆಸುವ ಬಿಷಪ್ ಆಗಿದ್ದನು. ಕೈಸರಿಯದ ಬಿಷಪ್ ಬೆಸಿಲನ ಕುಟುಂಬಕ್ಕೆ ಸೇರಿದ ಜಮೀನು ಇಬೋರಾಕ್ಕೆ ಸಮೀಪದಲ್ಲಿತ್ತು. ಬೆಸಿಲ್ ಮತ್ತು ಆತನ ಸಹೋದರಿ ಮಕ್ರಿನಾ ಅಲ್ಲಿ ತಪೋಜೀವನವನ್ನು ನಡೆಸಿದ್ದರು. ಬೆಸಿಲನೇ ಇವಾಗ್ರಿಯಸನನ್ನು ಸಭೆಯ ಆರಾಧನೆಯಲ್ಲಿ ಪವಿತ್ರ ಗ್ರಂಥವನ್ನು ಓದುವ ವಾಚಕನ ಸ್ಥಾನಕ್ಕೆ ನೇಮಿಸಿದನು.

ಬೆಸಿಲನ ಮರಣಾನಂತರ ಇವಾಗ್ರಿಯಸ್ ನಜಿಯಾನ್ಜಸಿನ ಗ್ರೆಗೊರಿಯ ಬಳಿಗೆ ಹೋದನು. ಗ್ರೆಗೊರಿ ಈತನಿಗೆ ಡೀಕನ್ ದೀಕ್ಷೆ ನೀಡಿದನು. ತತ್ತ್ವಶಾಸ್ತ್ರ ಮತ್ತು ವಾಕ್ಚಾತುರ್ಯಗಳಲ್ಲಿ ದೊರೆತ ಶಿಕ್ಷಣಕ್ಕಾಗಿ ಇವಾಗ್ರಿಯಸ್ ಗ್ರೆಗೊರಿಯನ್ನು ಜೀವನಪರ್ಯಂತ ಗುರುವೆಂದು ಗೌರವಿಸಿದನು. ಆತ್ಮಕ್ಕೆ ವಿವೇಕ, ಆವೇಶ ಮತ್ತು ಆಸೆ ಎಂಬ ಮೂರು ಅಂಶಗಳಿವೆ ಎಂಬ ಗ್ರೀಕ್ ಚಿಂತನೆಯನ್ನು ತಾನು ಆ ಗುರುವಿನಿಂದ ಪಡೆದುದಾಗಿ ಮುಂದೆ ಬರೆದಿದ್ದಾನೆ.

ಕಾನ್‌ಸ್ಟಾಂಟಿನೋಪಲ್

ಗ್ರೆಗೊರಿ 379ರಲ್ಲಿ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿಗೆ ಬಂದು, ಅಲ್ಲಿ ಅಲ್ಪಸಂಖ್ಯಾತರಾಗಿದ್ದ ನೈಸೀಯ ಪಂಥದ ಕ್ರೈಸ್ತರ ನಾಯಕತ್ವವನ್ನು ವಹಿಸಿಕೊಂಡನು. ಇವಾಗ್ರಿಯಸನೂ ಅಲ್ಲಿ ಆತನಿಗೆ ಸಹಾಯಕನಾದನು. 381ರಲ್ಲಿ ಆ ನಗರದಲ್ಲಿ ಮಹಾಸಭೆ ಸೇರಿತು. ಆ ಸಭೆಯ ನಡುವೆಯೇ ಗ್ರೆಗೊರಿ ಪದವಿಯನ್ನು ತ್ಯಜಿಸಿ ಊರಿಗೆ ಮರಳಿದಾಗ ಇವಾಗ್ರಿಯಸ್ ಹೊಸ ಬಿಷಪ್ ನೆಕ್ಟೇರಿಯಸನ ಬಳಿ ಉಳಿದುಕೊಂಡನು. ಕ್ರಿಸ್ತನ ದೈವತ್ವವನ್ನು ನಿರಾಕರಿಸುವ ಪಂಥಗಳೊಡನೆ ನಡೆಯುತ್ತಿದ್ದ ವಾದಗಳಲ್ಲಿ ಈತನ ಪ್ರತಿಭೆ ಬೆಳಗಿತು. ರಾಜಧಾನಿಯಲ್ಲಿ ಕೀರ್ತಿ, ಗೌರವ, ಉತ್ತಮ ಉಡುಪು, ಸೇವಕರು ಎಲ್ಲವೂ ಈತನಿಗೆ ಲಭಿಸಿದವು.

ಈ ಏಳಿಗೆಯ ನಡುವೆ ಇವಾಗ್ರಿಯಸ್ ಉನ್ನತ ಅಧಿಕಾರಿಯೊಬ್ಬನ ಪತ್ನಿಯಲ್ಲಿ ಅನುರಕ್ತನಾದನು. ಆಕೆಯೂ ಈತನನ್ನು ಪ್ರೀತಿಸಿದಳು. ತಾನು ಎಲ್ಲಿಗೆ ಸಾಗುತ್ತಿದ್ದೇನೆಂಬ ಅರಿವಿದ್ದರೂ ಈತನಿಗೆ ಆ ಬಂಧನದಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಪಲ್ಲಾಡಿಯಸ್ ತಿಳಿಸುವಂತೆ, ಒಂದು ರಾತ್ರಿ ತಾನು ಸೆರೆಯಾಗಿ ಸಂಕೋಲೆಯಲ್ಲಿ ನಿಂತಿರುವಂತೆ ಇವಾಗ್ರಿಯಸ್ ಕನಸು ಕಂಡನು. ಮಿತ್ರನ ರೂಪದಲ್ಲಿ ಬಂದ ದೇವದೂತನು ನಗರವನ್ನು ಬಿಟ್ಟುಹೋಗುವುದಾಗಿ ಸುವಾರ್ತೆಯ ಗ್ರಂಥವನ್ನು ಮುಟ್ಟಿ ಪ್ರಮಾಣ ಮಾಡಲು ಹೇಳಿದನು. ಈತನು ಪ್ರಮಾಣ ಮಾಡಿದನು. ಎಚ್ಚರವಾದ ಬಳಿಕ, ಕನಸಿನಲ್ಲಿ ಮಾಡಿದ್ದಾದರೂ ಪ್ರಮಾಣವು ಪ್ರಮಾಣವೇ ಎಂದು ನಿಶ್ಚಯಿಸಿ, ತನ್ನ ಸಾಮಾನುಗಳನ್ನು ಹಡಗಿಗೆ ಏರಿಸಿ ಜೆರುಸಲೇಮಿಗೆ ಹೊರಟುಹೋದನು.

ಜೆರುಸಲೇಮ್

ಜೆರುಸಲೇಮಿನ ಎಣ್ಣೆಮರಗಳ ಗುಡ್ಡದಲ್ಲಿ ಮೆಲಾನಿಯಾ ಎಂಬ ರೋಮನ್ ಶ್ರೀಮಂತ ವಿಧವೆ ಮತ್ತು ಲೇಖಕ ರುಫೈನಸ್ ನಡೆಸುತ್ತಿದ್ದ ಮಠಗಳಿದ್ದವು. ಮೆಲಾನಿಯಾ ಇವಾಗ್ರಿಯಸನನ್ನು ಆದರದಿಂದ ಬರಮಾಡಿಕೊಂಡಳು. ಆದರೆ ಸ್ಥಳ ಬದಲಾದ ಮಾತ್ರಕ್ಕೆ ಈತನ ಮನಸ್ಸು ಬದಲಾಗಲಿಲ್ಲ. ಹಳೆಯ ಆಡಂಬರದ ಉಡುಪೂ ಮಾತಿನ ಗರ್ವವೂ ಮರಳಿ ಬಂದವು. ರಾಜಧಾನಿಯಲ್ಲಿ ಮಾಡಿದ ನಿರ್ಧಾರ ಸಡಿಲವಾಯಿತು.

ಅಷ್ಟರಲ್ಲಿ ಈತನಿಗೆ ತೀವ್ರ ಜ್ವರ ಬಂದಿತು. ಆರು ತಿಂಗಳ ಕಾಲ ದೇಹ ಕೃಶವಾಗುತ್ತ ಹೋಯಿತು. ವೈದ್ಯರಿಗೆ ಮದ್ದು ತೋಚಲಿಲ್ಲ. ಇದು ಸಾಮಾನ್ಯ ಕಾಯಿಲೆಯಲ್ಲವೆಂದು ಅರಿತ ಮೆಲಾನಿಯಾ, ಮನಸ್ಸಿನಲ್ಲಿರುವುದನ್ನು ತಿಳಿಸುವಂತೆ ಕೇಳಿದಳು. ಇವಾಗ್ರಿಯಸ್ ಕಾನ್‌ಸ್ಟಾಂಟಿನೋಪಲಿನಲ್ಲಿ ನಡೆದುದೆಲ್ಲವನ್ನೂ ಅವಳ ಮುಂದೆ ನಿವೇದಿಸಿದನು. ಸನ್ಯಾಸ ಜೀವನವನ್ನು ಸ್ವೀಕರಿಸುವುದಾಗಿ ಮಾತು ಕೊಟ್ಟ ಕೆಲವೇ ದಿನಗಳಲ್ಲಿ ಗುಣಮುಖನಾದನೆಂದು ಪಲ್ಲಾಡಿಯಸ್ ಬರೆಯುತ್ತಾನೆ. ಬಳಿಕ ಸನ್ಯಾಸಿಯ ಉಡುಪನ್ನು ಧರಿಸಿ ಸು. 383ರಲ್ಲಿ ಈಜಿಪ್ಟಿಗೆ ತೆರಳಿದನು. ಮೆಲಾನಿಯಾಳೊಡನೆ ಈತನ ಪತ್ರವ್ಯವಹಾರ ಮುಂದೆಯೂ ನಡೆಯಿತು.

ಈಜಿಪ್ಟಿನ ಮರುಭೂಮಿ

ಇವಾಗ್ರಿಯಸ್ ಮೊದಲ ಎರಡು ವರ್ಷಗಳನ್ನು ಅಲೆಕ್ಸಾಂಡ್ರಿಯದ ದಕ್ಷಿಣಕ್ಕಿರುವ ನಿಟ್ರಿಯಾ ಎಂಬಲ್ಲಿ ಕಳೆದನು. ಅಲ್ಲಿ ಸುಮಾರು 5,000 ಸನ್ಯಾಸಿಗಳಿದ್ದರೆಂದು ಪಲ್ಲಾಡಿಯಸ್ ಹೇಳುತ್ತಾನೆ. ಅನಂತರ ಮರುಭೂಮಿಯಲ್ಲಿ ಇನ್ನೂ ಒಳಗಿದ್ದ ಕೆಲ್ಲಿಯಾಕ್ಕೆ ಹೋಗಿ ಹದಿನಾಲ್ಕು ವರ್ಷ, ಅಂದರೆ ಕೊನೆಯವರೆಗೂ, ಅಲ್ಲಿಯೇ ನೆಲೆಸಿದನು. ಕೆಲ್ಲಿಯಾ ಎಂಬುದಕ್ಕೆ ಕೋಣೆಗಳು ಎಂದರ್ಥ. ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳದಷ್ಟು ದೂರದಲ್ಲಿ ಸನ್ಯಾಸಿಗಳು ಪ್ರತ್ಯೇಕ ಕೋಣೆಗಳಲ್ಲಿ ವಾಸಿಸುತ್ತಿದ್ದರು. ಶನಿವಾರ ಮತ್ತು ಭಾನುವಾರ ಮಾತ್ರ ಆರಾಧನೆಗಾಗಿ ಒಟ್ಟು ಸೇರುತ್ತಿದ್ದರು. ಕೆಲ್ಲಿಯಾದ ಗುರುವಾಗಿದ್ದ ಅಲೆಕ್ಸಾಂಡ್ರಿಯದ ಮಕಾರಿಯಸ್ ಮತ್ತು ಸ್ಕೀಟಿಸಿನ ಹಿರಿಯ ಸನ್ಯಾಸಿ ಮಹಾ ಮಕಾರಿಯಸ್ ಇವಾಗ್ರಿಯಸನಿಗೆ ಮಾರ್ಗದರ್ಶಕರಾದರು.

ಈತನ ದಿನಚರಿ ಕಠಿಣವಾಗಿತ್ತು. ಆಹಾರ ಒಂದು ರೋಮನ್ ಪೌಂಡು, ಅಂದರೆ ಸುಮಾರು 330 ಗ್ರಾಂ ರೊಟ್ಟಿ. ಸುಮಾರು ಅರ್ಧ ಲೀಟರ್ ಎಣ್ಣೆಯನ್ನು ಮೂರು ತಿಂಗಳ ಕಾಲ ಬಳಸುತ್ತಿದ್ದನು. ಸೊಪ್ಪು, ಹಣ್ಣು ಮತ್ತು ಸ್ನಾನವನ್ನು ತ್ಯಜಿಸಿದ್ದನು. ಕೊನೆಗಾಲದಲ್ಲಿ ಹೊಟ್ಟೆಯ ಕಾಯಿಲೆ ಬಾಧಿಸಿದಾಗ ಮಾತ್ರ ಬೇಯಿಸಿದ ಆಹಾರವನ್ನು ಸ್ವೀಕರಿಸಿದನು. ಸುಂದರವಾದ ಕೈಬರಹವಿದ್ದುದರಿಂದ ಗ್ರಂಥಗಳನ್ನು ಪ್ರತಿಮಾಡಿ ಜೀವನೋಪಾಯ ಕಂಡುಕೊಂಡನು. ವರ್ಷದ ಊಟಕ್ಕೆ ಸಾಲುವಷ್ಟೇ ಸಂಪಾದಿಸುತ್ತಿದ್ದನು. ಕಾಮದ ಆಲೋಚನೆಗಳು ಮರುಭೂಮಿಗೂ ಹಿಂಬಾಲಿಸಿ ಬಂದಾಗ ಚಳಿಗಾಲದ ಒಂದು ರಾತ್ರಿ ಪೂರ್ತಿ ಬಾವಿಯ ನೀರಿನಲ್ಲಿ ನಿಂತಿದ್ದನೆಂಬ ಪ್ರಸಂಗವನ್ನು ಪಲ್ಲಾಡಿಯಸ್ ದಾಖಲಿಸಿದ್ದಾನೆ.

ಹೆಚ್ಚಿನ ಈಜಿಪ್ಟಿನ ಸನ್ಯಾಸಿಗಳು ರೈತಾಪಿ ಹಿನ್ನೆಲೆಯ ಸರಳ ಜನರಾಗಿದ್ದರು. ಅವರ ನಡುವೆ ರಾಜಧಾನಿಯ ವಿದ್ವಾಂಸನೊಬ್ಬನ ಇರುವಿಕೆ ಸುಲಭದ್ದಾಗಿರಲಿಲ್ಲ. ಮರುಭೂಮಿಯ ಹಿರಿಯರ ಸೂಕ್ತಿಸಂಗ್ರಹದಲ್ಲಿ ಈ ಕುರಿತು ಒಂದು ಪ್ರಸಂಗವಿದೆ. ಒಂದು ಸಭೆಯಲ್ಲಿ ಇವಾಗ್ರಿಯಸ್ ಮಾತನಾಡಿದಾಗ ಅಲ್ಲಿನ ಗುರುವು, ಸ್ವದೇಶದಲ್ಲಿದ್ದರೆ ಆತನು ಬಿಷಪ್ ಆಗಿ ಅನೇಕರಿಗೆ ಮುಖ್ಯಸ್ಥನಾಗಿರುತ್ತಿದ್ದನೆಂದೂ ಇಲ್ಲಿ ಆತನು ಪರದೇಶಿಯೆಂದೂ ನೆನಪಿಸಿದನು. ಮನನೊಂದರೂ ಇವಾಗ್ರಿಯಸ್ ಕೆರಳಲಿಲ್ಲ. ತಲೆ ಅಲ್ಲಾಡಿಸಿ, ಯೋಬನ ಗ್ರಂಥದ ಮಾತನ್ನು ಸ್ಮರಿಸಿ, ಒಮ್ಮೆ ಮಾತನಾಡಿದ್ದೇ ಸಾಕೆಂದು ಮೌನವಾದನು. ಅಲೆಕ್ಸಾಂಡ್ರಿಯದ ಬಿಷಪ್ ಥಿಯೋಫಿಲಸ್ ಈತನನ್ನು ಥ್ಮುಯಿಸ್ ಎಂಬ ಊರಿನ ಬಿಷಪ್ ಪದವಿಗೆ ನೇಮಿಸಲು ಬಯಸಿದಾಗ ತಪ್ಪಿಸಿಕೊಂಡು ಹೋದನು.

ಎಂಟು ದುರಾಲೋಚನೆಗಳು

ಕೊಲೆ, ವ್ಯಭಿಚಾರ, ಕಳವು ಮೊದಲಾದವುಗಳಿಗೆ ಕಾರಣವಾದ ಕೆಟ್ಟ ಆಲೋಚನೆಗಳು ಹೃದಯದೊಳಗಿನಿಂದಲೇ ಹೊರಡುತ್ತವೆ ಎಂಬ ಯೇಸುವಿನ ಬೋಧನೆ ಸುವಾರ್ತೆಗಳಲ್ಲಿದೆ. ಮೂರನೆಯ ಶತಮಾನದ ವ್ಯಾಖ್ಯಾನಕಾರ ಓರಿಜೆನ್ ಈ ವಿಚಾರವನ್ನು ವಿಸ್ತರಿಸಿದ್ದನು. ಇವಾಗ್ರಿಯಸ್ ಅದಕ್ಕೆ ನಿರ್ದಿಷ್ಟ ರೂಪ ಕೊಟ್ಟನು. ಮಠಗಳಲ್ಲಿ ಗುಂಪಾಗಿ ವಾಸಿಸುವವರಿಗೆ ಸಹವಾಸಿಗಳ ಮೂಲಕ ಪ್ರಲೋಭನೆ ಬರುತ್ತದೆ. ಒಂಟಿಯಾಗಿರುವವನ ಮುಂದೆ ವಸ್ತುಗಳಾಗಲಿ ಮನುಷ್ಯರಾಗಲಿ ಇಲ್ಲ. ಅವನ ಹೋರಾಟ ಆಲೋಚನೆಗಳೊಡನೆಯೇ ನಡೆಯಬೇಕು. ಇವುಗಳನ್ನು ಈತನು ಗ್ರೀಕಿನಲ್ಲಿ ಲೊಗಿಸ್ಮೋಯ್ ಎಂದು ಕರೆದನು. ಇವುಗಳ ಹಿಂದೆ ದುರಾತ್ಮಗಳ ಪ್ರೇರಣೆ ಇದೆಯೆಂದು ನಂಬಿದನು. ಈತನು ಕೊಡುವ ಕ್ರಮದಲ್ಲಿ ಅವು ಹೀಗಿವೆ:

1. ಹೊಟ್ಟೆಬಾಕತನ: ಇದು ರುಚಿಯ ಆಸೆಯಾಗಿಯೇ ಬರಬೇಕೆಂದಿಲ್ಲ. ಉಪವಾಸದಿಂದ ಹೊಟ್ಟೆ, ಯಕೃತ್ತು, ಗುಲ್ಮ ಕೆಡುತ್ತವೆ, ಮರುಭೂಮಿಯಲ್ಲಿ ವೈದ್ಯರಿಲ್ಲ ಎಂಬ ಆರೋಗ್ಯದ ಚಿಂತೆಯ ವೇಷದಲ್ಲಿ ಬರುತ್ತದೆ.

2. ಕಾಮ: ಸಂಯಮದಿಂದ ಪ್ರಯೋಜನವಿಲ್ಲವೆಂದು ಮನಸ್ಸನ್ನು ಸೋಲಿಸುತ್ತದೆ.

3. ಧನಲೋಭ: ದೀರ್ಘ ಮುಪ್ಪು, ದುಡಿಯಲಾರದ ಕೈಗಳು, ಮುಂದೆ ಬರಬಹುದಾದ ಬರಗಾಲ, ಇತರರ ಮುಂದೆ ಕೈಚಾಚುವ ಅವಮಾನ ಇವುಗಳನ್ನು ಚಿತ್ರಿಸಿ ಕೂಡಿಡಲು ಪ್ರೇರೇಪಿಸುತ್ತದೆ.

4. ದುಃಖ: ಈಡೇರದ ಆಸೆಯಿಂದ ಹುಟ್ಟುತ್ತದೆ ಅಥವಾ ಕೋಪವನ್ನು ಹಿಂಬಾಲಿಸಿ ಬರುತ್ತದೆ. ಬಿಟ್ಟುಬಂದ ಮನೆ, ತಂದೆತಾಯಿ, ಹಿಂದಿನ ಬದುಕಿನ ನೆನಪುಗಳು ಇದರ ದಾರಿ.

5. ಕೋಪ: ಮುಖ್ಯವಾಗಿ ಪ್ರಾರ್ಥನೆಯ ಹೊತ್ತಿನಲ್ಲಿ, ನೋಯಿಸಿದವನ ಮುಖವನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ. ಉಳಿದುಕೊಂಡರೆ ದ್ವೇಷವಾಗುತ್ತದೆ, ನಿದ್ರೆಯಲ್ಲಿ ವಿಷಜಂತುಗಳ ದುಃಸ್ವಪ್ನವಾಗುತ್ತದೆ.

6. ಅಕೀಡಿಯಾ: ಉತ್ಸಾಹಗುಂದಿದ ಬೇಸರ, ಜಡತೆ.

7. ಕೀರ್ತಿಲಾಲಸೆ: ಸದ್ಗುಣವನ್ನೇ ಆಹಾರವಾಗಿಸಿಕೊಂಡು ಬೆಳೆಯುತ್ತದೆ.

8. ಗರ್ವ: ಸತ್ಕಾರ್ಯಗಳಿಗೆ ದೇವರ ಸಹಾಯವಲ್ಲ, ತಾನೇ ಕಾರಣನೆಂದು ಭಾವಿಸಿ, ಸಹೋದರರನ್ನು ತಿಳಿಗೇಡಿಗಳೆಂದು ಕಾಣುವ ಸ್ಥಿತಿ. ಇದರ ಕೊನೆ ಚಿತ್ತಭ್ರಮಣೆ.

ಇವುಗಳಲ್ಲಿ ಅಕೀಡಿಯಾದ ವಿವರಣೆ ಅತ್ಯಂತ ಪ್ರಸಿದ್ಧವಾದುದು. ಕೀರ್ತನೆಗಳ ಗ್ರೀಕ್ ಅನುವಾದದಲ್ಲಿ ಬರುವ ಮಧ್ಯಾಹ್ನದ ದೆವ್ವ ಇದೇ ಎಂದು ಇವಾಗ್ರಿಯಸ್ ಗುರುತಿಸಿದನು. ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಆರಂಭವಾಗುವ ಇದರ ಕಾಟ ಮಧ್ಯಾಹ್ನ ಎರಡರವರೆಗೆ ಇರುತ್ತದೆ. ಸೂರ್ಯ ಚಲಿಸುತ್ತಿಲ್ಲವೆಂದೂ ಹಗಲು ಐವತ್ತು ತಾಸು ಉದ್ದವಾಗಿದೆಯೆಂದೂ ಅನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯತ್ತ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟು ಸಮಯವಿದೆ ಎಂದು ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ. ಇರುವ ಸ್ಥಳ, ಮಾಡುವ ಕೆಲಸ, ಬದುಕುವ ರೀತಿ ಎಲ್ಲವೂ ಅಸಹ್ಯವಾಗುತ್ತವೆ. ಸಹೋದರರಲ್ಲಿ ಪ್ರೀತಿ ಬತ್ತಿಹೋಗಿದೆ, ಸಾಂತ್ವನ ಹೇಳುವವರಿಲ್ಲ ಎನಿಸುತ್ತದೆ. ಬೇರೆ ಊರಿನಲ್ಲಿ ಬದುಕು ಸುಲಭವೆಂದೂ ದೇವರನ್ನು ಎಲ್ಲಿ ಬೇಕಾದರೂ ಮೆಚ್ಚಿಸಬಹುದೆಂದೂ ತೋರುತ್ತದೆ. ಅಂತಿಮವಾಗಿ ಕೋಣೆಯನ್ನು ಬಿಟ್ಟು ಓಡುವಂತೆ ಮಾಡುವುದೇ ಇದರ ಉದ್ದೇಶ.

ಕೀರ್ತಿಲಾಲಸೆಯ ವಿವರಣೆಯಲ್ಲಿಯೂ ಅಷ್ಟೇ ಸೂಕ್ಷ್ಮತೆ ಇದೆ. ಇದಕ್ಕೆ ವಶನಾದವನು ತಾನು ರೋಗಿಗಳನ್ನು ಗುಣಪಡಿಸುತ್ತಿರುವಂತೆ, ಜನಸಮೂಹ ತನ್ನ ಉಡುಪಿನ ಅಂಚನ್ನು ಮುಟ್ಟುತ್ತಿರುವಂತೆ, ಗುರುದೀಕ್ಷೆಗೆ ತನ್ನನ್ನು ಒತ್ತಾಯದಿಂದ ಕರೆದೊಯ್ಯಲು ಜನರು ಬಾಗಿಲಿಗೆ ಬಂದಿರುವಂತೆ ಕಲ್ಪಿಸಿಕೊಳ್ಳುತ್ತಾನೆ. ಆ ಕಲ್ಪನೆ ಅವನನ್ನು ಗರ್ವ, ದುಃಖ ಅಥವಾ ಕಾಮದ ಕೈಗೆ ಒಪ್ಪಿಸಿ ಹೋಗುತ್ತದೆ. ಅದನ್ನು ನಾಶಪಡಿಸಲು ಮಾಡಿದ ಪ್ರಯತ್ನವೇ ಮತ್ತೊಂದು ಕೀರ್ತಿಲಾಲಸೆಗೆ ಕಾರಣವಾಗುವುದರಿಂದ ಇದರಿಂದ ಪಾರಾಗುವುದು ಕಷ್ಟವೆಂದು ಈತನು ಎಚ್ಚರಿಸಿದ್ದಾನೆ.

ಗುರುತಿಸುವ ಮತ್ತು ಎದುರಿಸುವ ಕ್ರಮ

ಇವಾಗ್ರಿಯಸನ ಬೋಧನೆಯ ಕೇಂದ್ರದಲ್ಲಿ ಒಂದು ಸ್ಪಷ್ಟ ವಿಭಜನೆ ಇದೆ. ಇಂಥ ಆಲೋಚನೆಗಳು ಮನಸ್ಸಿಗೆ ಬರುವುದು ಅಥವಾ ಬಾರದಿರುವುದು ಮನುಷ್ಯನ ಅಧೀನದಲ್ಲಿಲ್ಲ. ಅವು ಅಲ್ಲಿ ತಂಗುವುದು ಮತ್ತು ವಿಕಾರಗಳನ್ನು ಕೆರಳಿಸುವುದು ಮನುಷ್ಯನ ಅಧೀನದಲ್ಲಿದೆ. ಆದ್ದರಿಂದ ಆಲೋಚನೆ ಬಂದ ಮಾತ್ರಕ್ಕೆ ಪಾಪವಾಗುವುದಿಲ್ಲ. ಒಪ್ಪಿಗೆ ಕೊಟ್ಟಾಗ ಪಾಪವಾಗುತ್ತದೆ. ಪ್ರಲೋಭನೆಗೆ ಒಳಗಾದವನು ತನ್ನನ್ನು ಪತಿತನೆಂದು ಭಾವಿಸಿ ಕುಗ್ಗಬೇಕಾಗಿಲ್ಲ ಎಂಬ ಸಮಾಧಾನವೂ, ತಂಗಲು ಬಿಟ್ಟುದಕ್ಕೆ ತಾನೇ ಹೊಣೆ ಎಂಬ ಎಚ್ಚರಿಕೆಯೂ ಇದರಲ್ಲಿವೆ.

ಎದುರಿಸುವ ಮೊದಲ ಹೆಜ್ಜೆ ಗಮನಿಸುವುದು. ಯಾವ ಆಲೋಚನೆ ಯಾವಾಗ ಬರುತ್ತದೆ, ಯಾವಾಗ ತೀವ್ರವಾಗುತ್ತದೆ, ಯಾವಾಗ ಇಳಿಯುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬುದನ್ನು ನೋಡಿ, ಅದರ ಕಾರಣವನ್ನು ತಿಳಿಸುವಂತೆ ಕ್ರಿಸ್ತನನ್ನು ಬೇಡಬೇಕು. ಮನಸ್ಸನ್ನು ಊರಿಂದ ಊರಿಗೆ, ಮನೆಯಿಂದ ಮನೆಗೆ ಅಲೆಸುವ ಆಲೋಚನೆಯನ್ನು ಕೂಡಲೇ ತಡೆಯದೆ, ಒಂದೆರಡು ದಿನ ಅದರ ಜಾಡನ್ನು ಗುರುತಿಟ್ಟುಕೊಂಡು ಬಳಿಕ ಬಯಲಿಗೆಳೆಯಬೇಕೆಂದೂ ಸೂಚಿಸಿದ್ದಾನೆ.

ಎರಡನೆಯ ಹೆಜ್ಜೆ ತಕ್ಕ ಮದ್ದನ್ನು ಬಳಸುವುದು. ಅಲೆಯುವ ಮನಸ್ಸಿಗೆ ಓದು, ಜಾಗರಣೆ ಮತ್ತು ಪ್ರಾರ್ಥನೆ, ಉರಿಯುವ ಆಸೆಗೆ ಹಸಿವು, ದುಡಿಮೆ ಮತ್ತು ಏಕಾಂತ, ಕೆರಳಿದ ಆವೇಶಕ್ಕೆ ಕೀರ್ತನೆಗಳ ಪಠನ, ತಾಳ್ಮೆ ಮತ್ತು ಕರುಣೆ ಮದ್ದುಗಳು. ಇವೆಲ್ಲವೂ ಸಕಾಲದಲ್ಲಿ, ಮಿತವಾಗಿ ಇರಬೇಕು. ನೋಯಿಸಿದವನಿಗೆ ಕಾಣಿಕೆ ಕೊಡುವುದು ದ್ವೇಷವನ್ನು ಆರಿಸುತ್ತದೆ ಎನ್ನುವಾಗ ಏಸಾವನನ್ನು ಕಾಣಿಕೆಗಳಿಂದ ಸಮಾಧಾನಪಡಿಸಿದ ಯಾಕೋಬನ ಉದಾಹರಣೆಯನ್ನು ಕೊಡುತ್ತಾನೆ. ಅಕೀಡಿಯಾ ಬಾಧಿಸುವಾಗ ಕೋಣೆಯನ್ನು ಬಿಡಬಾರದು. ತನ್ನನ್ನೇ ಎರಡಾಗಿ ವಿಭಜಿಸಿಕೊಂಡು ಒಂದು ಭಾಗ ಇನ್ನೊಂದನ್ನು ಸಂತೈಸಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ ಒಂದು ಆಲೋಚನೆಯನ್ನು ಅದಕ್ಕೆ ವಿರುದ್ಧವಾದ ಇನ್ನೊಂದರಿಂದ ಓಡಿಸುವ ಉಪಾಯವನ್ನೂ ಹೇಳಿದ್ದಾನೆ.

ಕೋಪವನ್ನು ಈತನು ಸಂಪೂರ್ಣವಾಗಿ ತಿರಸ್ಕರಿಸಲಿಲ್ಲ. ಆವೇಶ ಎಂಬ ಶಕ್ತಿ ಇರುವುದು ದುರಾಲೋಚನೆಗಳ ವಿರುದ್ಧ ಹೋರಾಡಲು. ಅದನ್ನು ಸಹೋದರನ ಮೇಲೆ ತಿರುಗಿಸುವುದೇ ದೋಷ. ಈ ಹೋರಾಟದ ಫಲ ಅಪಾಥೇಯಾ, ಅಂದರೆ ವಿಕಾರಗಳಿಂದ ಕದಡದ ಸ್ಥಿತಿ. ಅದು ಅಂತಿಮ ಗುರಿಯಲ್ಲ. ಅದರಿಂದ ಪ್ರೀತಿ ಹುಟ್ಟುತ್ತದೆ. ಪ್ರೀತಿಯು ದೇವರ ಜ್ಞಾನಕ್ಕೆ ಬಾಗಿಲಾಗುತ್ತದೆ.

ಕೃತಿಗಳು

ಇವಾಗ್ರಿಯಸ್ ಹೆಚ್ಚಾಗಿ ಸೂತ್ರದಂತಹ ಕಿರು ಅಧ್ಯಾಯಗಳಲ್ಲಿ ಬರೆದನು. ಮುಖ್ಯ ಕೃತಿಗಳು ಇವು:

'ಪ್ರಾಕ್ಟಿಕೋಸ್': ದುರಾಲೋಚನೆಗಳ ವಿರುದ್ಧದ ಹೋರಾಟವನ್ನು ಕುರಿತ 100 ಅಧ್ಯಾಯಗಳು.

'ಗ್ನಾಸ್ಟಿಕೋಸ್': ಬೋಧಿಸುವವನು ಹೇಗಿರಬೇಕೆಂಬುದನ್ನು ಕುರಿತ 50 ಅಧ್ಯಾಯಗಳು.

'ಕೆಫಲೈಯಾ ಗ್ನಾಸ್ಟಿಕಾ': ಸೃಷ್ಟಿ ಮತ್ತು ದೈವಜ್ಞಾನವನ್ನು ಕುರಿತ ಗೂಢವಾದ 540 ಅಧ್ಯಾಯಗಳು.

'ಆಂಟಿರೆಟಿಕೋಸ್': ಎಂಟು ಆಲೋಚನೆಗಳಿಗೆ ಎಂಟು ಭಾಗಗಳಿರುವ ಕೈಪಿಡಿ. ಅಡವಿಯಲ್ಲಿ ಸೈತಾನನಿಗೆ ಯೇಸು ಪವಿತ್ರ ಗ್ರಂಥದ ವಚನಗಳಿಂದ ಉತ್ತರಿಸಿದುದೇ ಇದಕ್ಕೆ ಮಾದರಿ. ಪ್ರತಿಯೊಂದು ಪ್ರಲೋಭನೆಗೂ ತಕ್ಕ ವಚನಗಳನ್ನು ಇಲ್ಲಿ ಆದಿಕಾಂಡದಿಂದ ಮೊದಲ್ಗೊಂಡು ಕ್ರಮವಾಗಿ ಜೋಡಿಸಲಾಗಿದೆ.

'ಪ್ರಾರ್ಥನೆಯನ್ನು ಕುರಿತು': 153 ಅಧ್ಯಾಯಗಳು. ಈ ಸಂಖ್ಯೆ ಯೋಹಾನನ ಸುವಾರ್ತೆಯಲ್ಲಿ ಬಲೆಗೆ ಬಿದ್ದ ಮೀನುಗಳ ಸಂಖ್ಯೆ.

ಇವಲ್ಲದೆ 'ಆಲೋಚನೆಗಳನ್ನು ಕುರಿತು' ಎಂಬ ಗ್ರಂಥ, ಪತ್ರಗಳು ಹಾಗೂ ಕೀರ್ತನೆಗಳು, ಜ್ಞಾನೋಕ್ತಿಗಳು ಮತ್ತು ಉಪದೇಶಕ ಗ್ರಂಥಗಳಿಗೆ ಬರೆದ ಟಿಪ್ಪಣಿಗಳು ಉಪಲಬ್ಧವಿವೆ.

ಮರಣ ಮತ್ತು ಖಂಡನೆ

399ರ ಎಪಿಫನಿ ಹಬ್ಬದ ಸಮಯದಲ್ಲಿ ಸಭೆಯಲ್ಲಿ ಪ್ರಭುಭೋಜನವನ್ನು ಸ್ವೀಕರಿಸಿದ ಬಳಿಕ ಇವಾಗ್ರಿಯಸ್ ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನ ಹೊಂದಿದನು. ಮರುವರ್ಷವೇ ಬಿಷಪ್ ಥಿಯೋಫಿಲಸ್ ಓರಿಜೆನನ ಅನುಯಾಯಿಗಳಾದ ಸನ್ಯಾಸಿಗಳನ್ನು ನಿಟ್ರಿಯಾ ಪ್ರದೇಶದಿಂದ ಹೊರಗಟ್ಟಿದನು. ಇವಾಗ್ರಿಯಸನ ಮಿತ್ರರಲ್ಲಿ ಹಲವರು ಚದುರಿಹೋದರು. ಬೆತ್ಲೆಹೇಮಿನಲ್ಲಿದ್ದ ಜೆರೋಮ್ ಅಪಾಥೇಯಾದ ಬೋಧನೆಯನ್ನು ಟೀಕಿಸಿ, ವಿಕಾರಗಳೇ ಇಲ್ಲದಿರುವುದು ಮನುಷ್ಯನಿಗೆ ಸಾಧ್ಯವಿಲ್ಲವೆಂದು ವಾದಿಸಿದನು.

ಎಲ್ಲ ಚೇತನಗಳು ದೇಹಗಳಿಗಿಂತ ಮೊದಲೇ ಇದ್ದವು, ದೇವರಿಂದ ವಿಮುಖವಾಗಿ ಪತನ ಹೊಂದಿದವು, ಕೊನೆಗೆ ಎಲ್ಲವೂ ಪುನಃ ದೇವರಲ್ಲಿ ಒಂದಾಗುವುವು ಎಂಬ ಚಿಂತನೆ ಈತನ ಗೂಢ ಕೃತಿಗಳಲ್ಲಿದೆ. 553ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕರೆಸಿದ ಎರಡನೆಯ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಸಂದರ್ಭದಲ್ಲಿ ಓರಿಜೆನನ ಪಂಥದೊಡನೆ ಇವಾಗ್ರಿಯಸನೂ ಖಂಡನೆಗೆ ಗುರಿಯಾದನು. ಇದರ ಪರಿಣಾಮವಾಗಿ ಈತನ ಅನೇಕ ಗ್ರಂಥಗಳ ಗ್ರೀಕ್ ಮೂಲ ನಷ್ಟವಾಯಿತು. ಸಾಮ್ರಾಜ್ಯದ ಹಿಡಿತದ ಹೊರಗಿದ್ದ ಸಿರಿಯಾಕ್ ಮತ್ತು ಆರ್ಮೇನಿಯನ್ ಸಭೆಗಳು ಅವುಗಳನ್ನು ಅನುವಾದಗಳಲ್ಲಿ ಉಳಿಸಿಕೊಂಡವು. ಪ್ರಾರ್ಥನೆಯ ಕುರಿತಾದ ಗ್ರಂಥ ಗ್ರೀಕ್ ಸನ್ಯಾಸಿಗಳ ನಡುವೆ ನೈಲಸ್ ಎಂಬ ಇನ್ನೊಬ್ಬ ಲೇಖಕನ ಹೆಸರಿನಲ್ಲಿ ಪ್ರಚಲಿತವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಐರಿನೀ ಹೌಷರ್ ಅದರ ಕರ್ತೃ ಇವಾಗ್ರಿಯಸನೆಂದು ತೋರಿಸಿದನು. 1958ರಲ್ಲಿ ಆಂಟ್ವಾನ್ ಗಿಯೋಮಾಂಟ್ 'ಕೆಫಲೈಯಾ ಗ್ನಾಸ್ಟಿಕಾ'ದ ತಿದ್ದುಪಡಿಯಾಗದ ಸಿರಿಯಾಕ್ ಅನುವಾದವನ್ನು ಪ್ರಕಟಿಸಿದನು. ಈತನೇ 1960ರ ದಶಕದಲ್ಲಿ ಕೆಲ್ಲಿಯಾದ ಅವಶೇಷಗಳನ್ನೂ ಗುರುತಿಸಿದನು.

ಪ್ರಭಾವ

ಇವಾಗ್ರಿಯಸನ ಕಾಲದಲ್ಲಿ ಈಜಿಪ್ಟಿನಲ್ಲಿದ್ದ ಜಾನ್ ಕ್ಯಾಸಿಯನ್ ಮುಂದೆ ದಕ್ಷಿಣ ಫ್ರಾನ್ಸಿನ ಮಾರ್ಸೆಯ್‌ನಲ್ಲಿ ಮಠಗಳನ್ನು ಸ್ಥಾಪಿಸಿ, ಎಂಟು ದೋಷಗಳ ಬೋಧನೆಯನ್ನು ಲ್ಯಾಟಿನ್ ಭಾಷೆಗೆ ತಂದನು. ಆದರೆ ಎಲ್ಲಿಯೂ ಇವಾಗ್ರಿಯಸನ ಹೆಸರನ್ನು ಹೇಳಲಿಲ್ಲ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ಯೋಬನ ಗ್ರಂಥದ ವ್ಯಾಖ್ಯಾನದಲ್ಲಿ ಈ ಪಟ್ಟಿಯನ್ನು ಪರಿಷ್ಕರಿಸಿದನು. ಗರ್ವವನ್ನು ಎಲ್ಲಕ್ಕೂ ಬೇರೆಂದು ಪ್ರತ್ಯೇಕಿಸಿ, ಅಕೀಡಿಯಾವನ್ನು ದುಃಖದಲ್ಲಿ ಸೇರಿಸಿ, ಹೊಸದಾಗಿ ಅಸೂಯೆಯನ್ನು ಕೂಡಿಸಿ ಏಳು ದೋಷಗಳನ್ನು ಹೆಸರಿಸಿದನು. ಮಧ್ಯಯುಗದಲ್ಲಿ ಇದು ಏಳು ಮಾರಕ ಪಾಪಗಳ ಪಟ್ಟಿಯಾಗಿ ಜನಸಾಮಾನ್ಯರನ್ನು ತಲುಪಿತು. ಏಕಾಂತವಾಸಿಯ ಆತ್ಮಪರೀಕ್ಷೆಗಾಗಿ ರಚಿತವಾದ ಆಲೋಚನೆಗಳ ವಿಶ್ಲೇಷಣೆ ಹೀಗೆ ಪಾಪನಿವೇದನೆಗೆ ನೆರವಾಗುವ ಪಾಪಗಳ ಪಟ್ಟಿಯಾಗಿ ರೂಪಾಂತರಗೊಂಡಿತು. ಅಕೀಡಿಯಾ ಎಂಬುದರ ಅರ್ಥವೂ ಕಾಲಕ್ರಮದಲ್ಲಿ ಸೋಮಾರಿತನ ಎಂಬಷ್ಟಕ್ಕೆ ಸಂಕುಚಿತವಾಯಿತು.

ಪೂರ್ವದಲ್ಲಿ ಮ್ಯಾಕ್ಸಿಮಸ್ ಕನ್ಫೆಸರ್ ಮತ್ತು ನಿನೆವೆಯ ಐಸಾಕನ ಬರಹಗಳ ಮೇಲೆ ಈತನ ಪ್ರಭಾವ ಗಾಢವಾಗಿದೆ. ಜಾನ್ ಕ್ಲೈಮಾಕಸ್ ಈತನನ್ನು ಹೆಸರಿಸಿ ಟೀಕಿಸಿದರೂ ಈತನ ಬೋಧನೆಗಳಿಂದ ಪ್ರಭಾವಿತನಾಗಿದ್ದನು. 1782ರಲ್ಲಿ ವೆನಿಸಿನಲ್ಲಿ ಮುದ್ರಣಗೊಂಡ 'ಫಿಲೋಕಾಲಿಯಾ' ಸಂಕಲನದಲ್ಲಿ ಇವಾಗ್ರಿಯಸನ ಕೆಲವು ಬರಹಗಳು ಸೇರಿವೆ. ಮಧ್ಯಾಹ್ನದ ದೆವ್ವ ಎಂಬ ರೂಪಕ ಇಂದಿಗೂ ಬಳಕೆಯಲ್ಲಿದೆ. ಖಿನ್ನತೆಯನ್ನು ಕುರಿತು ಆಂಡ್ರ್ಯೂ ಸಾಲೊಮನ್ 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥಕ್ಕೆ ಅದೇ ಶೀರ್ಷಿಕೆಯಿದೆ.